ಇಬ್ಬರು ದಾದಿಯರು, ಒಂದು ಮಗು, ಒಂದು ಹತ್ತಿ ಬಟ್ಟೆ

ಕನ್ನಡದಲ್ಲಿ ‘ದಾದಿ’ ಎಂದರೆ ನರ್ಸ್. ನಮ್ಮ ಮನೆಯ ಉರ್ದುವಿನಲ್ಲಿ ‘ದಾದಿ’ ಎಂದರೆ ಅಪ್ಪನ ತಾಯಿ. ಮೂರನೇ ತರಗತಿಯಲ್ಲಿ ‘ದಾದಿಯು ರೋಗಿಯ ಸೇವೆ ಮಾಡುತ್ತಾಳೆ’ ಎಂಬ ವಾಕ್ಯ ಓದಿದಾಗ, ನಮ್ಮ ದಾದಿಗೇ ಮೊಣಕಾಲು ನೋವು, ಅವರು ಯಾರ ಸೇವೆ ಮಾಡುತ್ತಾರೆ ಎಂದು ಟೀಚರನ್ನು ಕೇಳಿದ್ದೆ. ಇಡೀ ತರಗತಿ ನಕ್ಕಿತ್ತು. ಕಳೆದ ಬೇಸಿಗೆ ರಜೆಯಲ್ಲಿ ಈ ಇಬ್ಬರು ದಾದಿಯರ ನಡುವೆ ನಾನು ನಿಂತೆ. ಆಗ ನಗುವ ವಿಷಯವೇನೂ ಇರಲಿಲ್ಲ.

ವಾಣಿಜ್ಯ ವಿಭಾಗದ ಹುಡುಗಿ ಮಗುವನ್ನು ಬಟ್ಟೆಯಲ್ಲಿ ಸುತ್ತುವ ಬಗ್ಗೆ ಏಕೆ ಬರೆಯಬೇಕು ಎಂದು ಕೆಲವರಿಗೆ ಅನಿಸಬಹುದು. ಎರಡು ಕಾರಣಗಳಿವೆ. ಒಂದು, ನಮ್ಮೆಲ್ಲರ ಮನೆಯಲ್ಲೂ ಅಕ್ಕ, ಅತ್ತಿಗೆ, ಚಿಕ್ಕಮ್ಮಂದಿರಿಗೆ ಮಕ್ಕಳಾಗುತ್ತವೆ. ಇನ್ನೊಂದು, ಈ ಲೇಖನದಲ್ಲಿ ಬರುವ ತಪ್ಪು ನನ್ನದೇ.

ಆಸ್ಪತ್ರೆಯಲ್ಲಿ ಕಂಡದ್ದು

ಏಪ್ರಿಲ್ ತಿಂಗಳಲ್ಲಿ ನಮ್ಮ ಆಪಾಗೆ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹೆರಿಗೆಯಾಯಿತು. ಮೊದಲ ಮಗು, ಹೆಣ್ಣು. ತೂಕ 2 ಕಿಲೋ 800 ಗ್ರಾಂ. ಅಮ್ಮಿ ಮನೆ ಮತ್ತು ಆಸ್ಪತ್ರೆ ನಡುವೆ ಓಡಾಡುತ್ತಿದ್ದರು. ಆಪಾ ಜೊತೆ ವಾರ್ಡಿನಲ್ಲಿ ಉಳಿದವರು ದಾದಿಮಾ ಮತ್ತು ನಾನು.

ರಾತ್ರಿ ಪಾಳಿಯ ಸಿಸ್ಟರ್ ಮಗುವನ್ನು ಒರೆಸಿ, ಎರಡೂ ಕಾಲನ್ನು ಜೋಡಿಸಿ ನೇರ ಮಾಡಿ, ಸುರುಳಿ ಸುತ್ತಿದ ಚಾಪೆಯ ಹಾಗೆ ಬಿಗಿಯಾಗಿ ಸುತ್ತಿ ಕೊಟ್ಟರು. ದಾದಿಮಾಗೆ ಬಹಳ ಸಂತೋಷವಾಯಿತು. ಅವರು ಏಳು ಮಕ್ಕಳನ್ನು ಹೀಗೇ ಸುತ್ತಿ ಬೆಳೆಸಿದವರು. ಬೆಳಿಗ್ಗೆ ಬಂದ ಸಿಸ್ಟರ್ ಅದೇ ಬಟ್ಟೆಯನ್ನು ಬಿಚ್ಚಿದರು. ಎದೆಯ ಸುತ್ತ ಬಟ್ಟೆಯನ್ನು ಮೆತ್ತಗೆ ಸುತ್ತಿ, ಕಾಲಿನ ಭಾಗವನ್ನು ಚೀಲದ ಹಾಗೆ ಸಡಿಲ ಬಿಟ್ಟರು. ಮಗು ತಕ್ಷಣ ಮೊಣಕಾಲನ್ನು ಮೇಲೆತ್ತಿ ಎರಡು ಕಡೆ ಅಗಲಿಸಿಕೊಂಡು ಕಪ್ಪೆಯ ಹಾಗೆ ಮಲಗಿತು.

ಒಂದೇ ವಾರ್ಡ್, ಒಂದೇ ಮಗು, ಇಬ್ಬರು ಸಿಸ್ಟರ್, ಎರಡು ವಿಧಾನ. ನಾನು ಸುಮ್ಮನಿರಲಾರದೆ ಕೇಳಿಯೇಬಿಟ್ಟೆ: “ಸಿಸ್ಟರ್, ಯಾವುದು ಸರಿ?”

ಅವರು ಬೇಸರಪಡಲಿಲ್ಲ. “ನೋಡಮ್ಮ, ಟ್ರೈನಿಂಗಿನಲ್ಲಿ ನಮಗೆ ಮೊದಲು ಕಲಿಸೋದೇ ಮಗುವನ್ನು ಬೆಚ್ಚಗಿಡೋದು. ಎಲ್ಲರಿಗೂ ಅದು ಚೆನ್ನಾಗಿ ಗೊತ್ತು. ಕಾಲಿನ ವಿಷಯ ಕೆಲವರಿಗೆ ನೆನಪಿರುತ್ತೆ, ಕೆಲವರಿಗೆ ಇರಲ್ಲ. ಬೆಚ್ಚಗಿಡೋದು ತಪ್ಪಲ್ಲ, ಕಾಲು ಕಟ್ಟೋದು ತಪ್ಪು” ಎಂದರು.

ಈ ಒಂದು ಮಾತನ್ನು ಬಿಡಿಸಿ ನೋಡಿದರೆ ಇಡೀ ಪಾಠ ಅದರಲ್ಲಿದೆ.

ಬೆಚ್ಚಗಿಡುವುದು ಏಕೆ?

ಹುಟ್ಟಿದ ಮಗುವಿನ ಮೈ ಒದ್ದೆಯಾಗಿರುತ್ತದೆ. ಆ ನೀರು ಆರುವಾಗ ಮೈಯ ಶಾಖವನ್ನೂ ಕೊಂಡೊಯ್ಯುತ್ತದೆ. ಮಗುವಿನ ತೂಕಕ್ಕೆ ಹೋಲಿಸಿದರೆ ಚರ್ಮದ ವಿಸ್ತೀರ್ಣ ಹೆಚ್ಚು, ಚರ್ಮದ ಕೆಳಗಿನ ಕೊಬ್ಬು ಕಡಿಮೆ. ನಮ್ಮ ಹಾಗೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ನವಜಾತ ಶಿಶುವಿನ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಹಾಲು ಕುಡಿಯುವುದು ಕಡಿಮೆಯಾಗುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಅವಧಿಗೆ ಮುನ್ನ ಹುಟ್ಟಿದ ಅಥವಾ ಸೋಂಕು ತಗಲಿದ ಮಗುವಿಗೆ ಚಳಿಯೂ ಸೇರಿದರೆ ಜೀವಕ್ಕೇ ಅಪಾಯ.

ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಂಡವರು ವೈಟಲ್ ಸ್ಟ್ಯಾಟಿಸ್ಟಿಕ್ಸ್ ಪಾಠದಲ್ಲಿ ಶಿಶು ಮರಣ ದರದ ಸೂತ್ರವನ್ನು ಓದಿರುತ್ತೀರಿ. 2020ರ ಎಸ್‌ಆರ್‌ಎಸ್ ವರದಿಯ ಪ್ರಕಾರ ಭಾರತದಲ್ಲಿ ಜೀವಂತ ಹುಟ್ಟಿದ 1000 ಶಿಶುಗಳಲ್ಲಿ 28 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಆ 28ರಲ್ಲಿ 20 ಸಾವುಗಳು ಮೊದಲ ನಾಲ್ಕು ವಾರಗಳಲ್ಲೇ ಆಗುತ್ತಿದ್ದವು. ಅಂದರೆ ನೂರಕ್ಕೆ ಸುಮಾರು 71. ಪರೀಕ್ಷೆಗೆ ಸೂತ್ರ ಬಾಯಿಪಾಠ ಮಾಡುವಾಗ ನಾನು ಇದನ್ನು ಯೋಚಿಸಿರಲಿಲ್ಲ. ವಾರ್ಡಿನಲ್ಲಿ ಕೂತಾಗ ಆ ‘ಮೊದಲ ನಾಲ್ಕು ವಾರ’ ಏನೆಂದು ತಿಳಿಯಿತು. ಸಿಸ್ಟರ್‌ಗಳಿಗೆ ಮೊದಲು ಬೆಚ್ಚಗಿಡುವುದನ್ನು ಕಲಿಸುವುದು ಏಕೆಂದೂ ತಿಳಿಯಿತು.

ಬೆಚ್ಚಗಿಡಲು ಬಟ್ಟೆಗಿಂತ ದೊಡ್ಡ ಸಾಧನ ತಾಯಿಯ ಮೈ. ಹುಟ್ಟಿದ ಕೂಡಲೇ ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಕನಿಷ್ಠ ಒಂದು ಗಂಟೆ ಮಲಗಿಸಬೇಕು, ಮೊದಲ ಸ್ನಾನವನ್ನು 24 ಗಂಟೆ ಮುಂದೂಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಟ್ಟೆ ಸುತ್ತುವುದು ಅದರ ನಂತರದ ಮಾತು.

ಮಗುವಿಗೆ ಚಳಿಯಾಗಿದೆಯೇ ಎಂದು ನೋಡುವ ಸುಲಭ ವಿಧಾನವನ್ನೂ ಸಿಸ್ಟರ್ ತೋರಿಸಿದರು. ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮುಟ್ಟಬೇಕು, ಆಮೇಲೆ ಅಂಗಾಲು ಮುಟ್ಟಬೇಕು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತಿದೆ. ಎರಡೂ ತಣ್ಣಗಿದ್ದರೆ ಕೂಡಲೇ ತಾಯಿಯ ಎದೆಗೆ ಹಾಕಿಕೊಂಡು ಆಸ್ಪತ್ರೆಗೆ ಹೋಗಬೇಕು.

ಒರಳು ಮತ್ತು ಗುಂಡು

ಕಾಲು ಕಟ್ಟುವುದು ಏಕೆ ತಪ್ಪು? ಮನೆಯಲ್ಲಿ ರುಬ್ಬುವ ಕಲ್ಲು ಇದ್ದರೆ ನೋಡಿ. ಒರಳಿನ ಗುಳಿಯಲ್ಲಿ ಗುಂಡು ಕೂತಿರುತ್ತದೆ. ಸೊಂಟದ ಕೀಲು ಇರುವುದೂ ಹಾಗೆಯೇ. ತೊಡೆಮೂಳೆಯ ತುದಿಯಲ್ಲಿ ಗುಂಡು, ಸೊಂಟದ ಮೂಳೆಯಲ್ಲಿ ಗುಳಿ. ದೊಡ್ಡವರಲ್ಲಿ ಇದು ಗಟ್ಟಿ ಮೂಳೆ. ನವಜಾತ ಶಿಶುವಿನಲ್ಲಿ ಗುಳಿಯ ಬಹುಭಾಗ ಇನ್ನೂ ಮೃದ್ವಸ್ಥಿ. ಕಿವಿಯ ಹಾಲೆಯ ಮೇಲಿನ ಮೆತ್ತನೆಯ ಭಾಗ ಇದೆಯಲ್ಲ, ಆ ಜಾತಿಯದು.

ತಾಯಿಯ ಹೊಟ್ಟೆಯಲ್ಲಿ ಮಗು ಕಾಲು ಮಡಚಿಕೊಂಡೇ ಇರುತ್ತದೆ. ಹುಟ್ಟಿದ ಮೇಲೂ ಕೆಲವು ತಿಂಗಳು ಮೊಣಕಾಲು ಮಡಚಿ, ತೊಡೆ ಅಗಲಿಸಿ ಮಲಗುವುದು ಅದಕ್ಕೆ ಸಹಜ. ಹಾಗಿದ್ದಾಗ ಗುಂಡು ಗುಳಿಯ ನಡುವೆ ಸರಿಯಾಗಿ ಕೂತು, ಗುಳಿ ಆಳವಾಗಿ ಬೆಳೆಯುತ್ತದೆ. ಎರಡೂ ಕಾಲನ್ನು ಎಳೆದು ನೇರ ಮಾಡಿ ಜೋಡಿಸಿ ಬಿಗಿದರೆ ಗುಂಡು ಅಂಚಿನ ಕಡೆಗೆ ಸರಿಯುತ್ತದೆ. ದಿನಗಟ್ಟಲೆ, ವಾರಗಟ್ಟಲೆ ಹೀಗೆ ಮಾಡಿದರೆ ಗುಳಿ ಆಳವಾಗದೆ ಉಳಿಯಬಹುದು, ಕೆಲವು ಮಕ್ಕಳಲ್ಲಿ ಕೀಲು ಜಾರಲೂಬಹುದು. ಹೆಣ್ಣು ಮಗು, ಮೊದಲ ಮಗು, ಹೊಟ್ಟೆಯಲ್ಲಿ ತಲೆ ಮೇಲಾಗಿದ್ದ ಮಗು, ಮನೆತನದಲ್ಲಿ ಯಾರಿಗಾದರೂ ಈ ತೊಂದರೆ ಇದ್ದ ಮಗು, ಇವರಿಗೆ ಅಪಾಯ ಇನ್ನೂ ಹೆಚ್ಚು. ನಮ್ಮ ಮನೆಯ ಮಗು ಹೆಣ್ಣೂ ಹೌದು, ಮೊದಲನೆಯದೂ ಹೌದು.

ಜಪಾನಿನಲ್ಲಿ ಹಿಂದೆ ಮಕ್ಕಳ ಕಾಲನ್ನು ನೇರವಾಗಿಟ್ಟು ಸುತ್ತುವ ರೂಢಿ ಇತ್ತು. ಅಲ್ಲಿ ನೂರಕ್ಕೆ 1.1ರಿಂದ 3.5ರಷ್ಟು ಮಕ್ಕಳಲ್ಲಿ ಸೊಂಟದ ಕೀಲಿನ ದೋಷ ಕಾಣುತ್ತಿತ್ತು. 1975ರ ಹೊತ್ತಿಗೆ ದೇಶದಾದ್ಯಂತ ‘ಮಗುವಿನ ಕಾಲನ್ನು ನೇರ ಮಾಡಿ ಸುತ್ತಬೇಡಿ’ ಎಂಬ ಪ್ರಚಾರ ನಡೆಯಿತು. ಆಮೇಲೆ ಆ ಪ್ರಮಾಣ ನೂರಕ್ಕೆ 0.2ರ ಆಸುಪಾಸಿಗೆ ಇಳಿಯಿತು. ಹೊಸ ಔಷಧ ಬೇಕಾಗಲಿಲ್ಲ, ಹೊಸ ಯಂತ್ರ ಬೇಕಾಗಲಿಲ್ಲ. ಬಟ್ಟೆ ಸುತ್ತುವ ರೀತಿ ಬದಲಾಯಿತು, ಅಷ್ಟೆ. ಖರ್ಚು ಮತ್ತು ಲಾಭ ಲೆಕ್ಕ ಹಾಕುವ ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲಿ ಸಿಗಲಾರದು.

ಇನ್ನೊಂದು ವಿಷಯ ಕೇಳಿ. ನಮ್ಮ ದೇಶದಲ್ಲಿ ಕತ್ತು ನಿಂತ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವ ಪದ್ಧತಿ ಇದೆ. ಆಗ ಮಗುವಿನ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ತೊಡೆ ಅಗಲ. ಕೀಲಿಗೆ ಇದು ಅತ್ಯುತ್ತಮ ಭಂಗಿ. ಮಕ್ಕಳನ್ನು ಹೀಗೆ ಎತ್ತಿಕೊಳ್ಳುವ ಜನರಲ್ಲಿ ಈ ದೋಷ ಕಡಿಮೆ ಎಂದು ವೈದ್ಯರು ಗಮನಿಸಿದ್ದಾರೆ. ದೋಷ ಬೇಗ ಪತ್ತೆಯಾದ ಶಿಶುಗಳಿಗೆ ಹಾಕುವ ಪಟ್ಟಿಯೊಂದಿದೆ. ಅದನ್ನು ರೂಪಿಸಿದವರು ಪಾವ್ಲಿಕ್ ಎಂಬ ಚೆಕ್ ವೈದ್ಯರು. ಆ ಪಟ್ಟಿಯೂ ಮಾಡುವುದು ಇಷ್ಟೇ: ಮೊಣಕಾಲು ಮಡಚಿ, ತೊಡೆ ಅಗಲಿಸಿ ಹಿಡಿಯುವುದು. ‘ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ’ ಎಂಬ ಗಾದೆ ಕನ್ನಡದಲ್ಲಿದೆ. ‘ಬಗಲ್ ಮೇಂ ಬಚ್ಚಾ, ಶಹರ್ ಮೇಂ ಢಿಂಢೋರಾ’ ಎಂದು ಉರ್ದುವಿನಲ್ಲೂ ಇದೆ. ಉತ್ತರ ನಿಜವಾಗಿಯೂ ನಮ್ಮ ಕಂಕುಳಲ್ಲೇ ಇತ್ತು.

ನಾನು ಮಾಡಿದ ತಪ್ಪು

ಮೂರನೆಯ ದಿನ ಡಿಸ್ಚಾರ್ಜ್. ಸಿಸ್ಟರ್ ಕೈಯಲ್ಲಿ ಇನ್ನೂ ಹತ್ತು ಮಂದಿಯ ಕೇಸ್‌ಶೀಟ್. ಅವರಿಗೆ ಉರ್ದು ಬಾರದು. ದಾದಿಮಾಗೆ ಬರುವ ಕನ್ನಡ ಅಂಗಡಿಗೆ ಮತ್ತು ಬಸ್ಸಿಗೆ ಸಾಕಾಗುವಷ್ಟು. ಹಾಗಾಗಿ ನಾನೇ ದುಭಾಷಿ.

“ಅಜ್ಜಿಗೆ ಹೇಳಮ್ಮ, ಸೊಂಟದ ಕೀಲಿನ ಹತ್ತಿರ ಸಡಿಲವಾಗಿರಬೇಕು, ಬಿಗಿ ಕಟ್ಟಬಾರದು” ಎಂದರು ಸಿಸ್ಟರ್.

ನಾನು ದಾದಿಮಾಗೆ ಹೇಳಿದೆ: “ಕಮರ್ ಕೆ ಪಾಸ್ ಢೀಲಾ ರಖನಾ.”

ದಾದಿಮಾ ತಲೆಯಾಡಿಸಿದರು. ನಾನು ಸಿಸ್ಟರ್ ಕಡೆ ತಿರುಗಿ “ಅರ್ಥವಾಯಿತಂತೆ” ಎಂದೆ. ಸಿಸ್ಟರ್ ಕಾರ್ಡಿನಲ್ಲಿ ಗುರುತು ಹಾಕಿದರು.

ಕನ್ನಡದ ‘ಸೊಂಟ’ ನಡುವಿಗೂ ಆಗುತ್ತದೆ, ತೊಡೆ ಸೇರುವ ಜಾಗಕ್ಕೂ ಆಗುತ್ತದೆ. ಉರ್ದುವಿನ ‘ಕಮರ್’ ಎಂದರೆ ನಡು ಮಾತ್ರ. ಹೊಟ್ಟೆಯ ಸುತ್ತ ಸಡಿಲ ಬಿಡಿ ಎಂದು ದಾದಿಮಾ ತಿಳಿದರು. ಹಾಲು ಕುಡಿದ ಹೊಟ್ಟೆ ಬಿಗಿಯಬಾರದು ಎಂಬುದು ಅವರಿಗೆ ಒಪ್ಪುವ ಮಾತೇ. ಮನೆಗೆ ಬಂದ ಮೇಲೆ ಹೊಟ್ಟೆಯ ಹತ್ತಿರ ಸಡಿಲ ಬಿಟ್ಟರು, ಕಾಲುಗಳನ್ನು ಹಳೆಯ ದುಪಟ್ಟಾದ ಪಟ್ಟಿಯಿಂದ ನೇರವಾಗಿ ಕಟ್ಟಿದರು. ಕಟ್ಟದಿದ್ದರೆ “ಪಾಂವಾಂ ಟೇಢೇ ಹೋ ಜಾತೇ”, ಕಾಲು ಸೊಟ್ಟಗಾಗುತ್ತವೆ ಎಂಬುದು ಅವರ ನಂಬಿಕೆ. ನಾನು ನೋಡುತ್ತಲೇ ಇದ್ದೆ. ಮೇಲೆ ಕಂಬಳಿ ಇದ್ದುದರಿಂದ ಒಳಗಿನ ಪಟ್ಟಿ ನನಗೆ ಕಾಣಲಿಲ್ಲ.

ಪ್ರಥಮ ಪಿಯುಸಿ ಅಕೌಂಟೆನ್ಸಿಯಲ್ಲಿ ತಾಳೆಪಟ್ಟಿಯಿಂದ ಪತ್ತೆಯಾಗದ ತಪ್ಪುಗಳ ಬಗ್ಗೆ ಓದಿದ್ದೇವೆ. ರಾಮನ ಖಾತೆಗೆ ಹಾಕಬೇಕಾದ ಮೊತ್ತವನ್ನು ರಹೀಮನ ಖಾತೆಗೆ ಹಾಕಿದರೂ ಎರಡು ಕಡೆಯ ಮೊತ್ತ ಸರಿಹೊಂದುತ್ತದೆ. ಲೆಕ್ಕ ಟ್ಯಾಲಿ, ಆದರೆ ತಪ್ಪು. ನಮ್ಮದೂ ಹಾಗೇ ಆಯಿತು. ಸಿಸ್ಟರ್ ಹೇಳಿದರು, ನಾನು ಹೇಳಿದೆ, ದಾದಿಮಾ ತಲೆಯಾಡಿಸಿದರು. ಎಲ್ಲ ಟ್ಯಾಲಿ.

ಏಳನೆಯ ದಿನ

ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ, ಒಟ್ಟು ಆರು ಬಾರಿ ನೋಡಬೇಕು. ಮೂರನೆಯ ದಿನ ಅವರು ಆಸ್ಪತ್ರೆಯಲ್ಲೇ ಬಂದು ನೋಡಿದ್ದರು. ಏಳನೆಯ ದಿನ ಮನೆಗೆ ಬಂದಾಗ ನಮ್ಮಲ್ಲಿ ಅಖೀಖಾ. ಮನೆ ತುಂಬ ನೆಂಟರು, ಹೊರಗೆ ಏಪ್ರಿಲ್ ಬಿಸಿಲು. ಮಗುವಿಗೆ ಟೋಪಿ, ಸ್ವೆಟರ್, ಸ್ಯಾಟಿನ್ ಅಂಗಿ, ಮೇಲೆ ಕಂಬಳಿ. ಗಾಳಿ ತಾಗಬಾರದೆಂದು ಫ್ಯಾನ್ ಬಂದ್. ಮಗು ಕೆಂಪಗಾಗಿತ್ತು, ಕತ್ತಿನ ಹತ್ತಿರ ಬೆವರಿತ್ತು, ಹಾಲು ಕುಡಿಯಲು ಒಲ್ಲೆ ಎನ್ನುತ್ತಿತ್ತು.

ಆಶಾ ಅಕ್ಕ ಥರ್ಮಾಮೀಟರ್ ಇಟ್ಟರು. 37.8. ಯಾರನ್ನೂ ಬೈಯದೆ ಒಂದೊಂದೇ ಪದರ ಬಿಚ್ಚಿದರು. ಕೊನೆಗೆ ದುಪಟ್ಟಾದ ಪಟ್ಟಿ ಸಿಕ್ಕಿತು. ಮಗುವಿನ ಕಾಲಿನ ಮೇಲೆ ಕೆಂಪು ಗೆರೆ ಬಿದ್ದಿತ್ತು. ಆ ಗೆರೆ ನೋಡಿದಾಗ ನನಗೆ ನೆಲ ಬಿರಿಯಬಾರದೇ ಅನಿಸಿತು.

ಮಗುವಿಗೆ ತೆಳು ಬಟ್ಟೆ ಹಾಕಿ, ಆಪಾ ಹತ್ತಿರ ಹಾಲು ಕುಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದರು. 37.1. “ಇಳಿಯದೇ ಇದ್ದಿದ್ದರೆ ಈಗಲೇ ಆಸ್ಪತ್ರೆಗೆ ಹೋಗಬೇಕಿತ್ತು. ಇಷ್ಟು ಚಿಕ್ಕ ಮಗುವಿಗೆ ಜ್ವರ ಬಂದರೆ ಮನೆಯಲ್ಲಿ ಕಾಯಬಾರದು” ಎಂದರು. ನಮ್ಮ ಓಣಿಯವರಾದ್ದರಿಂದ ಅವರಿಗೆ ಎರಡೂ ಭಾಷೆ ಬರುತ್ತದೆ. ದಾದಿಮಾ ಕೈ ಹಿಡಿದು ಮಗುವಿನ ತೊಡೆ ಸೇರುವ ಜಾಗ ಮುಟ್ಟಿಸಿ, “ಯೇ ರಾನ್ ಕಾ ಜೋಡ್ ಹೈ, ದಾದಿಮಾ. ಇಸೇ ಖುಲಾ ರಖೋ” ಎಂದರು. ‘ರಾನ್ ಕಾ ಜೋಡ್’, ತೊಡೆಯ ಕೀಲು. ನನಗೆ ಹೊಳೆಯದೇ ಹೋದ ಪದ ಅದು.

ಅಷ್ಟಕ್ಕೇ ಬಿಡಲಿಲ್ಲ. “ಈಗ ನೀವು ಸುತ್ತಿ ತೋರಿಸಿ” ಎಂದು ಬಟ್ಟೆಯನ್ನು ದಾದಿಮಾ ಕೈಗೇ ಕೊಟ್ಟರು. ದಾದಿಮಾ ಮೊದಲ ಸಲಕ್ಕೇ ಸರಿಯಾಗಿ ಸುತ್ತಿದರು. ಅಷ್ಟು ವರ್ಷ ಮಕ್ಕಳನ್ನು ಎತ್ತಿ ಆಡಿಸಿದ ಕೈ. ಆ ಕೈಗೆ ಕಾರಣ ಗೊತ್ತಾದ ಮೇಲೆ ನಮ್ಮೆಲ್ಲರಿಗಿಂತ ಚೆನ್ನಾಗಿ ಸುತ್ತಿದ್ದು ಅವರೇ.

ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ನಾನು ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಮಗುವಿನ ಎರಡೂ ತೊಡೆಯನ್ನು ಅಗಲಿಸಿ ನೋಡಿ, ಕೀಲು ಸರಿಯಿದೆ, ಕೆಲವೇ ದಿನದಲ್ಲಿ ಬಿಚ್ಚಿದ್ದು ಒಳ್ಳೆಯದಾಯಿತು ಎಂದರು. ಆವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಅಂಕ ಬೇರೆ, ಕೈ ಬೇರೆ

ನಮ್ಮ ಖಾಲಾ ಮಗಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ನರ್ಸಿಂಗ್ ಕಾಲೇಜುಗಳಲ್ಲಿ ಇಂಥ ವಿಷಯಗಳ ಅಧ್ಯಯನ ಹೇಗೆ ನಡೆಯುತ್ತದೆ ಎಂದು ಅವಳು ವಿವರಿಸಿದಳು. ಮೊದಲು ಸಿಸ್ಟರ್‌ಗಳಿಗೆ ಅಥವಾ ತಾಯಂದಿರಿಗೆ ಪ್ರಶ್ನಾವಳಿ ಕೊಟ್ಟು ಅಂಕ ಹಾಕುತ್ತಾರೆ. ಆಮೇಲೆ ಪಾಠ ಮಾಡುತ್ತಾರೆ. ಕೆಲವು ದಿನ ಬಿಟ್ಟು ಅದೇ ಪ್ರಶ್ನಾವಳಿ ಕೊಡುತ್ತಾರೆ. ಎರಡು ಸಲದ ಸರಾಸರಿ ಅಂಕಗಳ ವ್ಯತ್ಯಾಸ ಪಾಠದಿಂದ ಬಂದದ್ದೋ ಆಕಸ್ಮಿಕವೋ ಎಂದು ಟಿ-ಟೆಸ್ಟ್ ಮಾಡಿ ನೋಡುತ್ತಾರೆ. ನಮ್ಮ ಪುಸ್ತಕದಲ್ಲಿರುವ ಅದೇ ಟಿ-ಟೆಸ್ಟ್!

“ಆದರೆ ಅಂಕ ತೋರಿಸುವುದು ತಿಳಿವಳಿಕೆಯನ್ನು ಮಾತ್ರ. ಕೈ ಸರಿಯಾಗಿ ಸುತ್ತುತ್ತದೆಯೇ ಎಂದು ತಿಳಿಯಬೇಕಾದರೆ ಪಕ್ಕದಲ್ಲಿ ನಿಂತು ನೋಡಬೇಕು” ಎಂದಳು. ಸಿಸ್ಟರ್‌ಗೆ ಗೊತ್ತಿರುವುದು ಮೊದಲ ಹೆಜ್ಜೆ. ಅದು ಮನೆಯಲ್ಲಿ ಮಗುವನ್ನು ಸುತ್ತುವ ಕೈಗೆ ತಲುಪುವುದು ಕೊನೆಯ ಹೆಜ್ಜೆ. ನಮ್ಮ ಮನೆಯಲ್ಲಿ ಮುರಿದದ್ದು ಕೊನೆಯ ಹೆಜ್ಜೆ.

ನೆನಪಿಡಬೇಕಾದ ಅಂಶಗಳು

1. ಬಟ್ಟೆ ತೆಳುವಾದ ಹತ್ತಿಯದಾಗಿರಲಿ. ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಸೀರೆಯ ತುಂಡು ಸಾಕು.

2. ಎದೆಯ ಹತ್ತಿರ ಬಟ್ಟೆಯೊಳಗೆ ದೊಡ್ಡವರ ಎರಡು ಬೆರಳು ಸರಾಗವಾಗಿ ಹೋಗಬೇಕು. ಬಿಗಿಯಾದರೆ ಮಗುವಿಗೆ ಉಸಿರು ತುಂಬ ಎಳೆದುಕೊಳ್ಳಲು ಆಗದು.

3. ಕಾಲಿನ ಭಾಗ ಚೀಲದಂತೆ ಸಡಿಲವಾಗಿರಲಿ. ಮೊಣಕಾಲು ಮೇಲಕ್ಕೂ ಹೊರಕ್ಕೂ ಆಡಬೇಕು. ಕಾಲನ್ನು ನೇರ ಮಾಡಿ ಕಟ್ಟಲೇಬಾರದು. ಕಟ್ಟುವುದರಿಂದ ಕಾಲು ನೇರವಾಗುವುದಿಲ್ಲ. ಹುಟ್ಟಿದಾಗ ಇರುವ ಬಾಗು ಬೆಳೆಯುತ್ತ ತಾನೇ ಸರಿಹೋಗುತ್ತದೆ.

4. ಸುತ್ತಿದ ಮಗುವನ್ನು ಯಾವಾಗಲೂ ಅಂಗಾತ ಮಲಗಿಸಿ. ಬೋರಲು ಅಥವಾ ಮಗ್ಗುಲಲ್ಲಿ ಬೇಡ. ಬಟ್ಟೆ ಮುಖದ ಮೇಲೆ ಬರಬಾರದು. ಪಕ್ಕದಲ್ಲಿ ದಿಂಬು, ದಪ್ಪ ಕಂಬಳಿ ಇಡಬೇಡಿ.

5. ಹವೆಗೆ ತಕ್ಕಂತೆ ಸುತ್ತಿ. ಬೆವರು, ಕೆಂಪು ಮುಖ, ಬಿಸಿ ಎದೆ ಕಂಡರೆ ಪದರ ಕಡಿಮೆ ಮಾಡಿ.

6. ದಿನವಿಡೀ ಸುತ್ತಿಡಬೇಡಿ. ಹಸಿದ ಮಗು ಕೈ ಬಾಯಿಗೆ ತರುತ್ತದೆ. ಕೈ ಕಟ್ಟಿದ್ದರೆ ಹಸಿವು ನಮಗೆ ಗೊತ್ತಾಗುವುದಿಲ್ಲ.

7. ಮಗು ಮಗುಚಲು ಪ್ರಯತ್ನಿಸಿದ ದಿನದಿಂದ ಸುತ್ತುವುದನ್ನು ನಿಲ್ಲಿಸಿ. ಕೆಲವು ಮಕ್ಕಳು ಎರಡು ತಿಂಗಳಿಗೇ ಶುರುಮಾಡುತ್ತವೆ.

8. ಒಂದು ತೊಡೆ ಇನ್ನೊಂದರಷ್ಟು ಅಗಲವಾಗದಿದ್ದರೆ, ತೊಡೆಯ ಮಡಿಕೆಗಳು ಎರಡು ಕಡೆ ಬೇರೆಯಾಗಿದ್ದರೆ, ಒಂದು ಕಾಲು ಗಿಡ್ಡ ಕಂಡರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಮೊದಲ ತಿಂಗಳುಗಳಲ್ಲಿ ಗೊತ್ತಾದರೆ ಪಟ್ಟಿಯಲ್ಲೇ ಸರಿಪಡಿಸಬಹುದು. ನಡೆಯಲು ಶುರುಮಾಡಿದ ಮೇಲೆ ಗೊತ್ತಾದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಕೊನೆಯ ಮಾತು

ಗೆಳತಿಯರೇ, ಗೆಳೆಯರೇ, ಈ ಕಾಲೇಜಿನಲ್ಲಿ ನಮ್ಮಲ್ಲಿ ಅನೇಕರು ಮನೆಯ ದುಭಾಷಿಗಳು. ಬ್ಯಾಂಕಿನ ಚಲನ್, ರೇಷನ್ ಕಾರ್ಡ್, ಡಾಕ್ಟರ ಚೀಟಿ ಎಲ್ಲದಕ್ಕೂ ಹಿರಿಯರು ನಮ್ಮನ್ನೇ ಕರೆದುಕೊಂಡು ಹೋಗುತ್ತಾರೆ. ಕನ್ನಡವೂ ಬರುತ್ತದೆ, ಉರ್ದುವೂ ಬರುತ್ತದೆ ಎಂಬ ಹೆಮ್ಮೆ ನನಗಿತ್ತು. ಪದ ಗೊತ್ತಿದ್ದರೆ ಸಾಲದು ಎಂದು ಆ ಕೆಂಪು ಗೆರೆ ಕಲಿಸಿತು.

ಆದ್ದರಿಂದ ಒಂದು ವಿನಂತಿ. ಆಸ್ಪತ್ರೆಯಲ್ಲಿ ಹಿರಿಯರ ಪರವಾಗಿ ನೀವೇ “ಅರ್ಥವಾಯಿತು” ಎನ್ನಬೇಡಿ. “ಸಿಸ್ಟರ್, ಒಂದು ಸಲ ಮಾಡಿ ತೋರಿಸಿ” ಎಂದು ಕೇಳಿ. ಆಮೇಲೆ ಬಟ್ಟೆಯನ್ನು ಅಜ್ಜಿಯ ಕೈಗೆ ಕೊಟ್ಟು “ಈಗ ನೀವು ಮಾಡಿ” ಎನ್ನಿ. ಎರಡು ನಿಮಿಷದ ಕೆಲಸ. ಸಿಸ್ಟರ್‌ಗಳು ಬೈಯುವುದಿಲ್ಲ. ಬೈದರೂ ಪರವಾಗಿಲ್ಲ.

ನಮ್ಮ ಮನೆಯ ಮಗುವಿಗೆ ಈಗ ಕತ್ತು ನಿಂತಿದೆ. ದಾದಿಮಾ ಅದನ್ನು ಸೊಂಟದ ಮೇಲೆ ಕೂರಿಸಿಕೊಂಡು ಓಣಿಯ ತುದಿಯವರೆಗೂ ಹೋಗಿ ಬರುತ್ತಾರೆ. ದಾರಿಯಲ್ಲಿ ಯಾರ ಮನೆಯಲ್ಲಾದರೂ ಬಾಣಂತಿ ಇದ್ದರೆ ಒಳಗೆ ಹೋಗಿ, ಮಗುವಿನ ಕಂಬಳಿ ಎತ್ತಿ ಕಾಲು ನೋಡಿಯೇ ಮುಂದಿನ ಮಾತು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ